‘ಇದೂ ಫ್ಯೂಷನ್ನೇ ಅಲ್ವಾ?’

ಮನೆಗೆ ಯಾರೇ ಬಂದರೂ ಊಟವಾದ ಮೇಲೆ ಏನಾದರೊಂದು ಕೇಳಿಸುವ ಚಟ ನನಗೆ. ಹೆಚ್ಚಾಗಿ ಹಾಕುವುದು 1999ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ನಡೆದ ಒಂದು ಕಛೇರಿ. ಜಾಗ ಲಾಫಾಯೆಟ್ ಅವೆನ್ಯೂ ಪ್ರೆಸ್ಬಿಟೇರಿಯನ್ ಚರ್ಚು. ಒಂದು ಕಡೆ ಜಾಝ್ ಪಿಯಾನೋ ವಾದಕ ರ್‍ಯಾಂಡಿ ವೆಸ್ಟನ್ ತಂಡ, ಇನ್ನೊಂದು ಕಡೆ ಮೊರಾಕ್ಕೋದಿಂದ ಬಂದ ಗ್ನಾವಾ ಸಂಗೀತಗಾರರು. ‘ಸ್ಪಿರಿಟ್! ದ ಪವರ್ ಆಫ್ ಮ್ಯೂಸಿಕ್’ ಎಂಬ ಹೆಸರಲ್ಲಿ ಅದು ಆಲ್ಬಮ್ ಆಗಿ ಬಂತು. ಐದು ನಿಮಿಷ ಕೇಳಿದವರು ತಪ್ಪದೆ ಒಂದು ಮಾತು ಕೇಳುತ್ತಾರೆ: ‘ಇದೂ ಫ್ಯೂಷನ್ನೇ ಅಲ್ವಾ?’ ಪಾಯಸದಲ್ಲಿ ಉಪ್ಪಿನ ಹರಳು ಸಿಕ್ಕವರ ಮುಖ ಅವರದು.

ಅವರನ್ನು ದೂರಲಾರೆ. ಫ್ಯೂಷನ್ ಹೆಸರಿನಲ್ಲಿ ನಾವೆಲ್ಲ ಸಾಕಷ್ಟು ಅನುಭವಿಸಿದ್ದೇವೆ. ವೀಣೆಯ ಪಕ್ಕ ಡ್ರಮ್‌ಸೆಟ್ಟು, ಸರದಿಯ ಮೇಲೆ ಜಾಣತನದ ಪ್ರದರ್ಶನ, ಕೊನೆಗೆ ಇಬ್ಬರೂ ಓಟಕ್ಕೆ ಬಿದ್ದು ಒಟ್ಟಿಗೆ ಮುಗಿಸಿದರೆ ಚಪ್ಪಾಳೆ. ಬೆಳಿಗ್ಗೆ ಪರಿಚಯವಾಗಿ ಸಂಜೆ ಮದುವೆಯಾದವರ ಹಾಗೆ. ಈ ಕಛೇರಿಯ ಹಿಂದೆ ಇರುವುದು ಮೂವತ್ತು ವರ್ಷದ ನೆಂಟಸ್ತಿಕೆ. ನನ್ನ ಉತ್ತರ ಅಲ್ಲಿಂದ ಶುರುವಾಗುತ್ತದೆ.

ಗ್ನಾವಾ ಎಂದರೆ ಸಹಾರಾ ಮರುಭೂಮಿಯ ದಕ್ಷಿಣದಿಂದ ಗುಲಾಮರಾಗಿ, ಸೈನಿಕರಾಗಿ ಮೊರಾಕ್ಕೋಗೆ ಒಯ್ಯಲ್ಪಟ್ಟ ಆಫ್ರಿಕನ್ನರ ಸಂತತಿ. ಅವರ ಸಂಗೀತಕ್ಕೂ ಅದೇ ಹೆಸರು. ಇಸ್ಲಾಮನ್ನು ಒಪ್ಪಿಕೊಂಡರು, ಪ್ರವಾದಿಯವರ ಕಾಲದಲ್ಲಿ ಮೊದಲ ಆಜಾನ್ ಕೂಗಿದ ಬಿಲಾಲರನ್ನು ತಮ್ಮ ಹಿರಿಯರೆಂದು ನೆನೆಯುತ್ತಾರೆ. ಜೊತೆಗೆ ಹಳೆಯ ನಾಡಿನ ಚೇತನಗಳನ್ನೂ ಬಿಟ್ಟುಕೊಡಲಿಲ್ಲ. ರಾತ್ರಿಯಿಡೀ ನಡೆಯುವ ಅವರ ಆಚರಣೆಗೆ ‘ಲಿಲಾ’ ಎನ್ನುತ್ತಾರೆ. (ನಮ್ಮ ಲೀಲೆಗೂ ಇದಕ್ಕೂ ಸಂಬಂಧವಿಲ್ಲ, ಅರಬ್ಬಿಯಲ್ಲಿ ರಾತ್ರಿ ಎಂದರ್ಥ.) ಒಂದೊಂದು ಚೇತನಕ್ಕೆ ಒಂದೊಂದು ಬಣ್ಣ, ಒಂದೊಂದು ಧೂಪ, ಅದರದೇ ಹಾಡು. ಕಡಲಿನ ಸಿದಿ ಮೂಸಾಗೆ ನೀಲಿ, ಲಾಲ್ಲಾ ಮೀರಾಗೆ ಹಳದಿ. ತನ್ನ ಬಣ್ಣದ ಹಾಡು ಬಂದಾಗ ಕೂತವರಲ್ಲಿ ಯಾರಿಗೋ ಮೈದುಂಬುತ್ತದೆ. ಮೈಮೇಲೆ ಬಂದದ್ದು ತಣಿಯುವ ತನಕ ನುಡಿಸುವವನು ನಿಲ್ಲಿಸುವಂತಿಲ್ಲ. ‘ಒಂದನ್ನೇ ಎಷ್ಟು ಸಲ ನುಡಿಸ್ತಾರೆ’ ಎಂದು ಗೊಣಗುವವರಿಗೆ ಇಷ್ಟು ಹೇಳಿದರೆ ಸಾಕಾಗುತ್ತದೆ.

ಈ ಮನೆಯ ಬಾಗಿಲಿಗೆ ವೆಸ್ಟನ್ ಬಂದದ್ದು ಹೇಗೆ? 1967ರಲ್ಲಿ ಅಮೆರಿಕ ಸರ್ಕಾರದ ವತಿಯಿಂದ ಆಫ್ರಿಕಾ ಪ್ರವಾಸ ಮಾಡಿದವರು, ಆಮೇಲೆ ಮೊರಾಕ್ಕೋಗೆ ಮರಳಿ ಟ್ಯಾಂಜಿಯರ್ ಊರಲ್ಲಿ ನೆಲೆ ನಿಂತರು. ಅಲ್ಲಿ ಪರಿಚಯವಾದವರು ಅಬ್ದುಲ್ಲಾ ಅಲ್ ಗುರ್ದ್. ಹಗಲಲ್ಲಿ ವಾಯ್ಸ್ ಆಫ್ ಅಮೆರಿಕದ ರೇಡಿಯೋ ಕೇಂದ್ರದಲ್ಲಿ ಕೆಲಸ, ಮೂಲತಃ ಗ್ನಾವಾ. ಅವರ ಮೂಲಕ ವೆಸ್ಟನ್ನರಿಗೆ ಲಿಲಾದಲ್ಲಿ ಕೂರುವ ಅವಕಾಶ ಸಿಕ್ಕಿತು. ಸಿದಿ ಮೂಸಾನ ನೀಲಿ ಹಾಡು ತಲೆಗೆ ಹತ್ತಿತು. ಅದರ ಮೇಲೆ ‘ಬ್ಲೂ ಮೋಸಸ್’ (ಮೂಸಾ ಎಂದರೆ ಮೋಸಸ್) ಎಂಬ ಕೃತಿ ಕಟ್ಟಿದರು. ಆದರೆ ಊರಿನ ಗ್ನಾವಾ ಹಿರಿಯರು ‘ಇದು ದೈವದ್ದು, ಜನರ ಮುಂದೆ ನುಡಿಸಬೇಡ’ ಅಂದುಬಿಟ್ಟರು. ವೆಸ್ಟನ್ ವಾದಿಸಲಿಲ್ಲ. ಒಂದು ವರ್ಷ ಆ ಕೃತಿಯನ್ನು ಸಾರ್ವಜನಿಕವಾಗಿ ಮುಟ್ಟಲಿಲ್ಲ. ಆಮೇಲೆ ಮತ್ತೆ ಹೋಗಿ ಕೇಳಿದರು. ಅಪ್ಪಣೆಯಾಯಿತು.

ನಾನು ಎಷ್ಟೋ ಸಲ ಆ ಒಂದು ವರ್ಷದ ಬಗ್ಗೆ ಯೋಚಿಸಿದ್ದೇನೆ. ಸ್ವಂತ ಕೃತಿ, ಎದುರಿಗೇ ಪಿಯಾನೋ, ತಡೆಯುವ ಕಾನೂನು ಯಾವುದೂ ಇಲ್ಲ. ಆದರೂ ನುಡಿಸಲಿಲ್ಲ.

ತಮಾಷೆ ಎಂದರೆ 1972ರಲ್ಲಿ ಅದೇ ‘ಬ್ಲೂ ಮೋಸಸ್’ ಹೆಸರಲ್ಲಿ ಆಲ್ಬಮ್ ಬಂದಾಗ, ಕಂಪನಿಯವರು ವೆಸ್ಟನ್ ಕೈಗೆ ಎಲೆಕ್ಟ್ರಿಕ್ ಪಿಯಾನೋ ಕೊಟ್ಟು, ಹಿಂದಿನಿಂದ ವಾದ್ಯವೃಂದದ ಸಕ್ಕರೆಪಾಕ ಹೊಯ್ದರು. ವೆಸ್ಟನ್ನರಿಗೆ ಹಿಡಿಸಲಿಲ್ಲ. ಅವರ ಆಲ್ಬಮ್ಮುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದೂ ಅದೇ! ಫ್ಯೂಷನ್ ಎಂದು ಬೈಯಲೇಬೇಕಿದ್ದರೆ ಅದನ್ನು ಬೈಯಿರಿ, ನಾನೂ ದನಿಗೂಡಿಸುತ್ತೇನೆ.

1999ರ ಚರ್ಚಿನಲ್ಲಿ ಕೇಳುವುದೇ ಬೇರೆ. ಅಲ್ಲಿ ಮನೆ ಯಜಮಾನಿಕೆ ಗಿಂಬ್ರಿಯದು. ಒಂದೇ ಮರದ ದಿಮ್ಮಿ ಕೊರೆದು, ಒಂಟೆಯ ಕುತ್ತಿಗೆಯ ಚರ್ಮ ಬಿಗಿದು, ಕೋಲಿನಂಥ ಹಿಡಿಗೆ ಮೇಕೆ ಕರುಳಿನ ಮೂರು ತಂತಿ ಕಟ್ಟಿದ ವಾದ್ಯ. ತಂತಿ ಮೀಟುವ ಕೈಯೇ ಚರ್ಮವನ್ನೂ ತಟ್ಟುತ್ತದೆ, ಹಾಗಾಗಿ ಸ್ವರ ಮತ್ತು ಪೆಟ್ಟು ಒಟ್ಟಿಗೆ ಹೊರಡುತ್ತವೆ. ಹಿಡಿಯ ತುದಿಗೆ ಸಿಕ್ಕಿಸಿದ ತಗಡಿನ ಅಂಚಿನ ಬಳೆಗಳು ಪ್ರತಿ ಸ್ವರಕ್ಕೂ ಝಿರ್ ಅನ್ನುತ್ತವೆ. ಸುತ್ತ ಕೂತವರ ಕೈಯಲ್ಲಿ ಕಬ್ಬಿಣದ ಚಿಟಿಕೆಗಳು, ‘ಕರಾಕೆಬ್’. ಗುಲಾಮರ ಬೇಡಿಯ ಸದ್ದಿನ ನೆನಪು ಅದು ಎನ್ನುವವರಿದ್ದಾರೆ. ನನ್ನ ಕಿವಿಗೆ ಕುದುರೆಯ ಓಟ. ಅದರ ನಡೆಯನ್ನು ತಿಶ್ರ (ಮೂರರ ಎಣಿಕೆ) ಎಂದು ಎಣಿಸಲು ಹೋದರೆ ಚತುರಶ್ರದ (ನಾಲ್ಕರ ಎಣಿಕೆ) ಕಡೆ ವಾಲುತ್ತದೆ, ಚತುರಶ್ರ ಎಂದುಕೊಂಡರೆ ತಿಶ್ರಕ್ಕೆ ಜಾರುತ್ತದೆ. ತೊಡೆಯ ಮೇಲೆ ತಾಳ ಹಾಕುವ ನನ್ನ ಮಾವನವರು ಒಮ್ಮೆ ಸೋತು ಕೈ ಎತ್ತಿ ‘ನೀನೇ ಹಾಕ್ಕೋ’ ಅಂದಿದ್ದರು.

ಈ ಓಟದ ಒಳಗೆ ವೆಸ್ಟನ್ ನುಸುಳುವ ರೀತಿ ನೋಡಬೇಕು. ಆರೂವರೆ ಅಡಿ ದಾಟಿದ ಆಳು, ಮೊರದಗಲ ಕೈ. ಆ ಕೈ ಪಿಯಾನೋದ ಎಡಗಡೆಗೆ, ತಗ್ಗಿನ ಸ್ವರಗಳ ಮಂದ್ರಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಗುದ್ದುತ್ತಾರೆ, ಬಿಡುತ್ತಾರೆ, ಕಾಯುತ್ತಾರೆ. ಅವರ ತಂಡದ ಅಲೆಕ್ಸ್ ಬ್ಲೇಕ್, ಆಳೆತ್ತರದ ಪಿಟೀಲಿನಂಥ ಡಬಲ್ ಬಾಸನ್ನು ಕೂತುಕೊಂಡು, ಗಿಟಾರಿನ ಹಾಗೆ ಬಾಚಿ ನುಡಿಸುವಾಗ ಅದು ಗಿಂಬ್ರಿಯ ಅಣ್ಣನೇ ಆಗಿಬಿಡುತ್ತದೆ. ಜಾಣತನ ತೋರಿಸುವ ಜಾಗ ಬೇಕಾದಷ್ಟಿತ್ತು, ವೆಸ್ಟನ್ ಅದನ್ನು ಖಾಲಿ ಬಿಟ್ಟರು. ಅಂದಹಾಗೆ ಆ ಚರ್ಚು ಹತ್ತೊಂಬತ್ತನೇ ಶತಮಾನದಲ್ಲಿ ಗುಲಾಮಗಿರಿಯ ವಿರುದ್ಧ ದನಿ ಎತ್ತಿದ ಚರ್ಚು. ಅಟ್ಲಾಂಟಿಕ್ ದಾಟಿಸಲ್ಪಟ್ಟವರ ಮೊಮ್ಮಕ್ಕಳು, ಸಹಾರಾ ದಾಟಿಸಲ್ಪಟ್ಟವರ ಮೊಮ್ಮಕ್ಕಳು ಅಲ್ಲಿ ಒಂದೇ ವೇದಿಕೆಗೆ ಬಂದರು.

‘ಹಾಗಾದ್ರೆ ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಯರದ್ದೂ ಇದೇನಾ?’ ಎಂದು ಕೆಲವರು ಕೇಳುತ್ತಾರೆ. ಖಂಡ ಒಂದೇ, ದಾರಿ ಬೇರೆ. ಸಿದ್ದಿಯರ ಪೂರ್ವಿಕರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದಿಂದ ಹಿಂದೂ ಮಹಾಸಾಗರದ ಮೇಲೆ, ಪೋರ್ಚುಗೀಸರ ಗೋವಾ ಮಾರ್ಗವಾಗಿ ಬಂದವರು. ಗ್ನಾವಾ ಪಶ್ಚಿಮ ಆಫ್ರಿಕಾದವರು. ಸಿದ್ದಿಯರ ಚರ್ಮವಾದ್ಯ ಡಮಾಮಿಯನ್ನು ಗಿಂಬ್ರಿಯ ತಮ್ಮ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಡಮಾಮಿಗೆ ಅದರದೇ ಕಥೆಯಿದೆ.

ಇನ್ನೊಂದು ಬೇಕೆಂದವರಿಗೆ 1994ರ ‘ದ ಟ್ರಾನ್ಸ್ ಆಫ್ ಸೆವೆನ್ ಕಲರ್ಸ್’ ಹೇಳುತ್ತೇನೆ. ಸ್ಯಾಕ್ಸೊಫೋನಿನ ಫರೋ ಸ್ಯಾಂಡರ್ಸ್ ಮೊರಾಕ್ಕೋದ ಕಡಲೂರು ಎಸ್ಸವೀರಾಕ್ಕೆ ಹೋಗಿ, ಗಿಂಬ್ರಿ ವಾದಕ ಮಹಮೂದ್ ಗಿನಿಯಾ ಅವರ ಜೊತೆ ಅಲ್ಲೇ ನುಡಿಸಿದ್ದು. ಗೆಳೆಯ, ಗಿಟಾರ್ ವಾದಕ ಸಾನಿ ಶಾರಾಕ್ ತೀರಿಕೊಂಡು ಕೆಲವೇ ದಿನಗಳಾಗಿದ್ದವು. ಅವರಿಗೆಂದೇ ನುಡಿಸಿದ ಒಂದು ತುಣುಕು ಅದರಲ್ಲಿದೆ. ಅದನ್ನು ನಾನು ಅತಿಥಿಗಳಿಗೆ ಹಾಕುವುದಿಲ್ಲ.

ಹೋದ ತಿಂಗಳು ನಮ್ಮ ಭಾವಮೈದುನ ಲಿಂಕ್ ಇಸಕೊಂಡು ಹೋದವನು ಫೋನ್ ಮಾಡಿ, ‘ಭಾವ, ಬರೀ ತಟ್ಟೆ ಬಡಿಯೋ ಸದ್ದು ಕಣೋ’ ಅಂದ. ಯಾವುದರಲ್ಲಿ ಕೇಳಿದೆ ಅಂತ ವಿಚಾರಿಸಿದರೆ, ಮೊಬೈಲಿನ ಸ್ಪೀಕರ್‌ನಲ್ಲಂತೆ, ಅಡುಗೆಮನೆ ಕಟ್ಟೆ ಮೇಲಿಟ್ಟು. ಆ ಪುಟ್ಟ ಸ್ಪೀಕರಿಗೆ ಮಂದ್ರ ಎಲ್ಲಿಂದ ಬರಬೇಕು! ಕಬ್ಬಿಣವಷ್ಟೇ ಹೊರಗೆ ಬಂದಿದೆ. ‘ಕಾರಿನಲ್ಲಿ ಹಾಕು, ಕಿಟಕಿ ಏರಿಸ್ಕೋ’ ಅಂದೆ. ಎರಡು ದಿನ ಬಿಟ್ಟು ತುಮಕೂರು ರಸ್ತೆಯ ಟ್ರಾಫಿಕ್ಕಿನಿಂದ ಮತ್ತೆ ಫೋನು: ‘ಭಾವ, ಕೆಳಗಡೆ ಒಂದು ನಡೀತಾ ಇದ್ಯಲ್ಲ, ಸೀಟಿಗೆಲ್ಲ ಬರ್ತಾ ಇದೆ, ಏನದು?’

‘ಅದೇ ಕಣೋ ಗಿಂಬ್ರಿ’ ಅಂದೆ. ಅವನು ಫೋನ್ ಇಡಲೂ ಇಲ್ಲ, ಮಾತಾಡಲೂ ಇಲ್ಲ.