ಮೊದಲು ಕಾರು, ಆಮೇಲೆ ಕ್ಯಾಮೆರಾ

“ನನ್ನ ಮಗಳಿಗೆ ಸಿನಿಮಾ ಕೆಲಸ ಕಲಿಸಿದ್ದು ಆಮೇಲೆ. ಮೊದಲು ಕಾರು ಕಲಿಸಿದರು.” ಬ್ರಿಟನ್ನಿನ ವೇಲ್ಸ್ ನಾಡಿನ ರಾಜಧಾನಿ ಕಾರ್ಡಿಫ್‌ನಲ್ಲಿ ನಮ್ಮ ಪಕ್ಕದ ಮನೆಯ, ಸೊಮಾಲಿ ಮೂಲದ ಹೆಣ್ಣುಮಗಳೊಬ್ಬರು ಮೊನ್ನೆ ಹೇಳಿದ ಮಾತಿದು. ಅವರ ಮಗಳು ಈಗ ಟಿವಿ ಧಾರಾವಾಹಿಯೊಂದರ ಕಾಸ್ಟ್ಯೂಮ್ ವಿಭಾಗದಲ್ಲಿ ಟ್ರೇನಿ. ಅವಕಾಶ ಸಿಗದ ಸಮುದಾಯದವರಿಗೆ ಚಿತ್ರರಂಗದ ತರಬೇತಿ ಎಂದು ಸರ್ಕಾರಗಳು ದುಡ್ಡು ತೆಗೆದಿಡುತ್ತವಲ್ಲ, ಆ ದುಡ್ಡು ಎಲ್ಲಿ ಫಲ ಕೊಡುತ್ತದೆ, ಎಲ್ಲಿ ಇಂಗಿಹೋಗುತ್ತದೆ ಎನ್ನುವುದೆಲ್ಲ ಆ ಒಂದು ಮಾತಿನಲ್ಲೇ ಇದೆ.

ಶೂಟಿಂಗ್ ಏಳಕ್ಕೆ ಶುರು ಎಂದರೆ ರನ್ನರ್, ಅಂದರೆ ಸೆಟ್ಟಿನ ಓಡಾಟದ ಕೆಲಸ ಮಾಡುವವರು, ಆರಕ್ಕೆ ಮುಂಚೆ ಯೂನಿಟ್ ಬಿಡಾರದಲ್ಲಿರಬೇಕು. ಕಾರ್ಡಿಫ್ ಕೊಲ್ಲಿಯ ಬಳಿ ಇರುವ ಬಿಬಿಸಿಯ ರೋತ್ ಲಾಕ್ ಸ್ಟುಡಿಯೋಗಾದರೂ ಹೇಗೋ ತಲುಪಬಹುದು. ಪೆನ್‌ಕೋಯ್ಡ್ ಹತ್ತಿರದ ಡ್ರ್ಯಾಗನ್ ಸ್ಟುಡಿಯೋಸ್‌ಗೋ, ಗುಡ್ಡದ ಮೇಲಿನ ಲೊಕೇಶನ್‌ಗೋ ಆ ಹೊತ್ತಿಗೆ ಬಸ್ಸಿನಲ್ಲಿ ಮುಟ್ಟುವುದು ಆಗದ ಮಾತು. ಸಾಲದ್ದಕ್ಕೆ ಸಾಮಾನು ತರುವುದು, ಕಾಗದಪತ್ರ ಮುಟ್ಟಿಸುವುದು, ಇವೆಲ್ಲ ರನ್ನರ್ ಕೆಲಸವೇ. ಹಾಗಾಗಿ ಕೆಲಸಕ್ಕೆ ಅರ್ಜಿ ಕರೆಯುವಾಗಲೇ ‘ಲೈಸೆನ್ಸ್ ಮತ್ತು ಸ್ವಂತ ಕಾರು ಬೇಕು’ ಎಂದಿರುತ್ತದೆ. ಕಲಿಕಾ ಲೈಸೆನ್ಸ್‌ಗೆ 34 ಪೌಂಡ್, ಥಿಯರಿ ಪರೀಕ್ಷೆಗೆ 23, ರಸ್ತೆ ಪರೀಕ್ಷೆಗೆ 62. ನಿಜವಾದ ಖರ್ಚು ಪಾಠದ್ದು: ಗಂಟೆಗೆ ಸುಮಾರು 35 ಪೌಂಡ್‌ನಂತೆ ನಲವತ್ತು ಗಂಟೆ ಹಿಡಿದರೂ 1,400 ಪೌಂಡ್ ಆಯಿತು. ರಸ್ತೆ ಪರೀಕ್ಷೆಯ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇನ್ಶೂರೆನ್ಸ್‌ನಲ್ಲೂ ಒಂದು ಪೇಚಿದೆ. ಮಾಮೂಲಿ ಪಾಲಿಸಿ ಮನೆಯಿಂದ ಒಂದೇ ಜಾಗದ ಕೆಲಸಕ್ಕೆ ಹೋಗಿಬರಲು ಮಾತ್ರ. ಕಂಪನಿಯ ಸಾಮಾನು ಹೊತ್ತು ಓಡಾಡಲು ‘ಬಿಸಿನೆಸ್ ಯೂಸ್’ ಬೇರೆಯೇ ಸೇರಿಸಬೇಕು. ಇದನ್ನು ಮರೆತರೆ ಅಪಘಾತವಾದ ದಿನ ರನ್ನರ್ ಹುಡುಗಿ ಬೀದಿಗೆ ಬರುತ್ತಾಳೆ. ಯಾವ ಫಿಲ್ಮ್ ಸ್ಕೂಲಿನ ಪಠ್ಯದಲ್ಲೂ ಇದಿಲ್ಲ. ಆದರೆ ಬಡವರ ಮನೆಯ ಮಕ್ಕಳು ಸೆಟ್ಟಿನ ಬಾಗಿಲಲ್ಲೇ ನಿಂತುಬಿಡುವುದು ಇಂಥ ಕಾರಣಗಳಿಗೇ.

ಇಲ್ಲಿನ ಫಿಲ್ಮ್ ಕಮ್ರಿ ವೇಲ್ಸ್ ಸಂಸ್ಥೆಗೆ ನ್ಯಾಷನಲ್ ಲಾಟರಿಯ ಸಾರ್ವಜನಿಕ ಹಣ ಬರುತ್ತದೆ. ಅದರ ‘ಫುಟ್ ಇನ್ ದ ಡೋರ್’ ಯೋಜನೆಯಲ್ಲಿ ಶೂಟಿಂಗ್ ನಡೆಯುವಲ್ಲೇ ಕಲಿಯುವ ಅವಕಾಶದ ಜೊತೆಗೆ ಪ್ರಯಾಣ, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಂಥ ಖರ್ಚಿಗೂ ಸಹಾಯಧನವಿದೆ. ಇಂಥ ಹಣವನ್ನು ಮುಂಗಡವಾಗಿಯೇ ಕೊಡಬೇಕು. ರಸೀದಿ ಕೊಟ್ಟ ಮೇಲೆ ವಾಪಸ್ ಕೊಡುತ್ತೇವೆ ಎಂದರೆ, ಮೊದಲ ವಾರದ ಪೆಟ್ರೋಲಿಗೆ ಕೈಯಲ್ಲಿ ಕಾಸಿಲ್ಲದವರು ಮನೆಯಲ್ಲೇ ಉಳಿಯುತ್ತಾರೆ. ಸರ್ಕಾರದ ಯೂನಿವರ್ಸಲ್ ಕ್ರೆಡಿಟ್ ಭತ್ಯೆಯಲ್ಲಿ ಬದುಕುವವರಿಗೆ ಇನ್ನೊಂದು ಹೆದರಿಕೆ. ದುಡಿದ ಪ್ರತಿ ಪೌಂಡಿಗೆ ಭತ್ಯೆಯಲ್ಲಿ 55 ಪೆನ್ಸ್ ಕಡಿತ. ಆರು ವಾರಕ್ಕೆ ಶೂಟಿಂಗ್ ಮುಗಿದರೆ ಮುಂದಿನ ತಿಂಗಳ ಲೆಕ್ಕ ಏರುಪೇರು. ಅರ್ಜಿ ಹಾಕುವ ಮೊದಲೇ ಈ ಲೆಕ್ಕವನ್ನು ಎದುರು ಕೂತು ಮಾಡಿಕೊಡುವವರು ಒಬ್ಬರಿರಬೇಕು.

ಇನ್ನೊಂದು ತೊಡಕು ಕಾನೂನಿನದು. 2017ರ ಏಪ್ರಿಲ್‌ನಿಂದ ಬ್ರಿಟನ್‌ನಲ್ಲಿ ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡುವ ಕಂಪನಿಗಳು ಅದರ ಮೇಲಿನ ಮೊತ್ತಕ್ಕೆ 0.5 ಶೇಕಡಾ ಅಪ್ರೆಂಟಿಸ್ ತೆರಿಗೆ, ಅಂದರೆ ಕೆಲಸ ಮಾಡುತ್ತಲೇ ಕಲಿಯುವವರ ತರಬೇತಿಗೆಂದು ಎತ್ತುವ ಹಣ, ಕಟ್ಟುತ್ತವೆ. ಚಿತ್ರರಂಗವೂ ಕಟ್ಟಿತು, ಆದರೆ ಆ ಹಣ ತನಗೇ ದಕ್ಕಲಿಲ್ಲ. ಇಂಗ್ಲೆಂಡಿನ ನಿಯಮದಂತೆ ಅಪ್ರೆಂಟಿಸ್ ಅವಧಿ ಕನಿಷ್ಠ 12 ತಿಂಗಳಿರಬೇಕಿತ್ತು. 2025ರಲ್ಲಿ ಅದನ್ನು 8ಕ್ಕೆ ಇಳಿಸಿದರು. ಧಾರಾವಾಹಿಯ ಶೂಟಿಂಗ್ ನಾಲ್ಕೈದು ತಿಂಗಳಲ್ಲಿ ಮುಗಿದು, ಅದಕ್ಕೆಂದೇ ತೆರೆದ ಕಂಪನಿಯೂ ಮುಚ್ಚಿಹೋಗುತ್ತದೆ. ಎಂಟು ತಿಂಗಳ ಮಾತಾದರೂ ಕೊಡುವವರು ಯಾರು?

ಕಾರ್ಡಿಫ್‌ನ ತರಬೇತಿ ಸಂಸ್ಥೆ ಸ್ಗಿಲ್ ಕಮ್ರಿ ಇದಕ್ಕೆ ಒಳ್ಳೆಯ ದಾರಿ ಹುಡುಕಿತು. ಅದರ ‘ಕ್ರಿವ್’ ಯೋಜನೆಯಲ್ಲಿ ಅಪ್ರೆಂಟಿಸ್‌ಗಳ ಯಜಮಾನ ಶೂಟಿಂಗ್ ಕಂಪನಿಯಲ್ಲ, ಸ್ಗಿಲ್ ಕಮ್ರಿಯೇ. ವರ್ಷವಿಡೀ ಸಂಬಳ ಅಲ್ಲಿಂದ. ಕೆಲಸ ಮಾತ್ರ ಒಂದು ನಿರ್ಮಾಣದಿಂದ ಇನ್ನೊಂದಕ್ಕೆ. ಇವತ್ತು ಲೊಕೇಶನ್ ವಿಭಾಗ, ಮೂರು ತಿಂಗಳ ಮೇಲೆ ಅಕೌಂಟ್ಸ್ ಅಥವಾ ಕಾಸ್ಟ್ಯೂಮ್. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಯಾವ ನಾಡೂ ನಕಲು ಮಾಡಬೇಕಾದ ಯೋಜನೆ ಇದು. ಇದರಿಂದ ಆಗುವ ದೊಡ್ಡ ಉಪಕಾರ ಪರಿಚಯ. ಸೆಟ್ಟಿನ ಕೆಲಸಕ್ಕೆ ಜನರನ್ನು ಹುಡುಕುವುದು ಜಾಹೀರಾತಿನಲ್ಲಿ ಕಡಿಮೆ, ಫೋನಿನಲ್ಲೇ ಹೆಚ್ಚು. ವಿಭಾಗದ ಮುಖ್ಯಸ್ಥರು ತಮಗೆ ಗೊತ್ತಿರುವವರನ್ನೇ ಕರೆಯುತ್ತಾರೆ. ಒಂದೇ ಸೆಟ್ಟಿನಲ್ಲಿ ಟೀ ಹಂಚಿ ಹೊರಬಿದ್ದವರಿಗೆ ಎರಡನೇ ಕರೆ ಬರುವುದಿಲ್ಲ. ತರಬೇತಿಯ ಕೊನೆಯ ಎರಡು ವಾರದಲ್ಲಿ ಇನ್ನಿಬ್ಬರು ಮುಖ್ಯಸ್ಥರ ಭೇಟಿ ಮಾಡಿಸಬೇಕು, ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿಸಬೇಕು. ಯೋಜನೆ ಗೆದ್ದಿತೇ ಎಂದು ಅಳೆಯುವುದಾದರೆ ಎಷ್ಟು ಜನ ತರಬೇತಿ ಮುಗಿಸಿದರು ಎಂದು ಕೇಳಬೇಡಿ. ಎಷ್ಟು ಜನಕ್ಕೆ ಎರಡನೇ ಕೆಲಸ ಸಿಕ್ಕಿತು ಎಂದು ಕೇಳಿ.

2020ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಕ್ರಿಯೇಟಿವ್ ವೇಲ್ಸ್ ತಾನು ಹಣ ಕೊಡುವ ನಿರ್ಮಾಣಗಳಿಗೆ ಟ್ರೇನಿಗಳನ್ನು ಸಂಬಳ ಕೊಟ್ಟು ಸೇರಿಸಿಕೊಳ್ಳಿ ಎಂದು ಕರಾರು ಹಾಕುತ್ತದೆ. ಲಂಡನ್ ಸರ್ಕಾರ ಚಿತ್ರಗಳಿಗೆ ಕೊಡುವ 34 ಶೇಕಡಾ ತೆರಿಗೆ ರಿಯಾಯಿತಿಗೆ ಅಂಥ ಕರಾರಿಲ್ಲ. ಅಷ್ಟು ದೊಡ್ಡ ಮೊತ್ತವನ್ನು ಹೀಗೆ ಬರಿದೇ ಬಿಡುವುದು ನನಗೆ ಸರಿಕಾಣುವುದಿಲ್ಲ.

ಇದನ್ನೆಲ್ಲ ನೋಡುವಾಗ ಮನಸ್ಸು ಊರಿಗೆ ಹೋಗುತ್ತದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ. ಅದಕ್ಕೂ ಮೊದಲೇ, 1940ರ ದಶಕದಲ್ಲೇ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸರ್ಕಾರ ಕ್ಯಾಮೆರಾ ಕಲಿಸುತ್ತಿತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಆ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಸಂಸ್ಥೆಯಲ್ಲಿದೆ. ಆದರೆ ಡಿಪ್ಲೊಮಾ ಕೈಗೆ ಬಂದ ಮೇಲೆ ರಾಯಚೂರಿನ ಹುಡುಗಿ ಗಾಂಧಿನಗರದಲ್ಲಿ ಎಲ್ಲಿ ಉಳಿಯಬೇಕು, ರಾತ್ರಿ ಪ್ಯಾಕಪ್ ಆದಮೇಲೆ ಹೇಗೆ ಮನೆ ಸೇರಬೇಕು, ಸಿನಿಮಾ ಕಾರ್ಮಿಕ ಸಂಘದ ಸದಸ್ಯತ್ವದ ಕಾರ್ಡಿಗೆ ದುಡ್ಡು ಎಲ್ಲಿಂದ ತರಬೇಕು? ಇವುಗಳಿಗೆ ಬಜೆಟ್ಟಿನಲ್ಲಿ ಒಂದು ಸಾಲೂ ಕಾಣುವುದಿಲ್ಲ.

ಹಣದ ದಾರಿಯೇನೋ ತೆರೆದಿದೆ. ಕರ್ನಾಟಕದ 2024ರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಕಾಯ್ದೆ ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ 1ರಿಂದ 2 ಶೇಕಡಾ ಸೆಸ್‌ಗೆ ಅವಕಾಶ ಕೊಟ್ಟಿದೆ. ಮೈಸೂರಿನ ಚಿತ್ರನಗರಿಗೆ 150 ಎಕರೆ ಜಾಗ, 500 ಕೋಟಿಯ ಖಾಸಗಿ ಸಹಭಾಗಿತ್ವ ಎಂದು 2025–26ರ ಬಜೆಟ್ ಹೇಳಿತು. ಆ ಒಪ್ಪಂದದ ಕಾಗದದಲ್ಲೇ ಬರೆಯಬೇಕು: ಪ್ರತಿ ಫ್ಲೋರ್ ಬಾಡಿಗೆಗೆ ಇಷ್ಟು ಟ್ರೇನಿಗಳು, ದಿನಭತ್ಯೆ (ಬ್ಯಾಟಾ) ಪ್ರತಿ ಶನಿವಾರ, ಹೆಣ್ಣುಮಕ್ಕಳಿಗೆ ರಾತ್ರಿ ಗಾಡಿ, ವರ್ಷದ ಸಂಬಳಕ್ಕೆ ಸ್ಗಿಲ್ ಕಮ್ರಿಯಂಥ ಒಬ್ಬ ಯಜಮಾನ. ಕಟ್ಟಡ ಎದ್ದು ಬಾಡಿಗೆದಾರರು ಒಳಹೊಕ್ಕ ಮೇಲೆ ಇಂಥ ಷರತ್ತನ್ನು ಯಾರೂ ಒಪ್ಪುವುದಿಲ್ಲ.