ಗ್ರಾಫಿನಲ್ಲಿ ಕಂಡ ಮೆಟ್ಟಿಲು

ಸಸ್ಯಗಳ ಸಾರಕ್ಕೆ ಒತ್ತಡ (ಸ್ಟ್ರೆಸ್) ಇಳಿಸುವ ಗುಣ ಇದೆಯೇ ಅಂತ ಇಲಿಗಳಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಸೇರಿದ ಎರಡನೇ ವರ್ಷ ಒಂದು ಬೇರಿನ ಸಾರ ನನ್ನ ಪಾಲಿಗೆ ಬಂತು. ಆಗ ಮಾಡಿದ ತಪ್ಪನ್ನು ಹೊಸದಾಗಿ ಲ್ಯಾಬಿಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ, ಇಲ್ಲೂ ಬರೆದಿಡುತ್ತೇನೆ.

24 ಇಲಿಗಳು, ಆರಾರರಂತೆ ನಾಲ್ಕು ಗುಂಪು. ಒಂದಕ್ಕೆ ಒತ್ತಡವೂ ಇಲ್ಲ, ಸಾರವೂ ಇಲ್ಲ. ಉಳಿದ ಮೂರು ಗುಂಪುಗಳನ್ನು 14 ದಿನ, ದಿನಕ್ಕೆ 2 ಗಂಟೆ, ಹೊರಳಲು ಜಾಗವಿಲ್ಲದ ಕೊಳವೆಯಲ್ಲಿ ಇರಿಸುವುದು. ಅದಕ್ಕೂ ಒಂದು ಗಂಟೆ ಮೊದಲು ಒಂದು ಗುಂಪಿಗೆ ಹೆಚ್ಚು ಡೋಸ್, ಇನ್ನೊಂದಕ್ಕೆ ಕಡಿಮೆ ಡೋಸ್, ಮೂರನೆಯದಕ್ಕೆ ಸಾರ ಕಲಸಲು ಬಳಸುವ, ತಾನೇ ಔಷಧವಲ್ಲದ ಸಿಎಂಸಿ ಎಂಬ ಅಂಟಿನ ದ್ರಾವಣ ಮಾತ್ರ. 15ನೇ ದಿನ ರಕ್ತ ತೆಗೆದು ಕಾರ್ಟಿಕೋಸ್ಟೀರೋನ್ ಅಳೆಯಬೇಕು. ನಮ್ಮ ದೇಹದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಮಾಡುವ ಕೆಲಸವನ್ನು ಇಲಿಗಳಲ್ಲಿ ಮಾಡುವುದು ಈ ಹಾರ್ಮೋನು.

ಹಾರ್ಮೋನು ಅಳೆಯುವ ಎಲೈಸಾ ಪರೀಕ್ಷೆಯ ಫಲಿತಾಂಶ ನೋಡಿ ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒತ್ತಡವಿಲ್ಲದ ಗುಂಪು ಎಲ್ಲಕ್ಕಿಂತ ಕೆಳಗೆ, ಹೆಚ್ಚು ಡೋಸಿನದು ಅದರ ಮೇಲೆ, ಕಡಿಮೆ ಡೋಸಿನದು ಇನ್ನೂ ಮೇಲೆ, ದ್ರಾವಣ ಮಾತ್ರ ಕುಡಿದದ್ದು ತುತ್ತತುದಿಯಲ್ಲಿ. ಮೆಟ್ಟಿಲು ಕಟ್ಟಿದ ಹಾಗೆ. ಡೋಸ್ ಏರಿದಂತೆ ಒತ್ತಡ ಇಳಿಯುತ್ತಿದೆ ಅಂತ ಯಾರಿಗಾದರೂ ಅನ್ನಿಸುತ್ತಿತ್ತು.

ನಮ್ಮ ಗೈಡ್ ಗ್ರಾಫನ್ನು ಸ್ವಲ್ಪ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು: "ಯಾವ ಗುಂಪಿನ ರಕ್ತ ಎಷ್ಟು ಗಂಟೆಗೆ ತೆಗೆದೆ?"

ಉತ್ತರ ಹೇಳುತ್ತಾ ಹೋದಂತೆ ನನಗೇ ಅರ್ಥವಾಯಿತು. ಒಂದೊಂದು ಇಲಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಬೆಳಿಗ್ಗೆ 10ಕ್ಕೆ ಒತ್ತಡವಿಲ್ಲದ ಗುಂಪಿನಿಂದ ಶುರು ಮಾಡಿದ್ದೆ. ಆಮೇಲೆ ಹೆಚ್ಚು ಡೋಸಿನದು, ಯಾಕೆಂದರೆ ಅದರ ಬಗ್ಗೆಯೇ ನನಗೆ ಕಾತರ. ನಂತರ ಕಡಿಮೆ ಡೋಸಿನದು. ದ್ರಾವಣದ ಗುಂಪು ಕೊನೆಗೆ, ಎರಡೂವರೆಯಿಂದ ನಾಲ್ಕರವರೆಗೆ. ಇಲಿ ರಾತ್ರಿ ಓಡಾಡುವ ಪ್ರಾಣಿ. ಅದರ ಕಾರ್ಟಿಕೋಸ್ಟೀರೋನ್ ಬೆಳಗಿನ ಹೊತ್ತು ಕಡಿಮೆ ಇದ್ದು, ಮಧ್ಯಾಹ್ನದ ನಂತರ ಏರುತ್ತಾ ಹೋಗಿ, ಕೋಣೆಯ ದೀಪ ಆರುವ ಸಮಯಕ್ಕೆ ಉತ್ತುಂಗ ಮುಟ್ಟುತ್ತದೆ. ಸಾಲದ್ದಕ್ಕೆ ಎಲ್ಲ ಪಂಜರಗಳನ್ನೂ ಬೆಳಿಗ್ಗೆಯೇ ಟ್ರಾಲಿಯಲ್ಲಿ ಪಕ್ಕದ ಕೋಣೆಗೆ ತಂದಿಟ್ಟಿದ್ದೆ. ಪಂಜರ ಅಲುಗಿಸಿದ ಸುಮಾರು 3 ನಿಮಿಷದೊಳಗೆ ರಕ್ತ ತೆಗೆಯದಿದ್ದರೆ ಆ ಗಾಬರಿಯೇ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಕೊನೆಯ ಗುಂಪು ಅಪರಿಚಿತ ಸದ್ದು, ವಾಸನೆಗಳ ನಡುವೆ ಗಂಟೆಗಟ್ಟಲೆ ಕಾದಿತ್ತು.

ನಾನು ಗ್ರಾಫ್ ಮಾಡಿದ್ದು ಸಾರದ ಪರಿಣಾಮವನ್ನಲ್ಲ, ದಿನದ ಹೊತ್ತನ್ನು.

ಇದಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ಸುಳಿವು ಮೊದಲಿನಿಂದಲೂ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ದೀರ್ಘಕಾಲದ ಒತ್ತಡದಲ್ಲಿ, ಈ ಹಾರ್ಮೋನನ್ನು ಸುರಿಸುವ ಅಡ್ರೀನಲ್ ಗ್ರಂಥಿ ದಪ್ಪವಾಗುತ್ತದೆ; ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲೇ ಇಲಿಗಳಲ್ಲಿ ಇದನ್ನು ವರದಿ ಮಾಡಿದ್ದರು. ರಕ್ತದ ಹಾರ್ಮೋನಿನಂತೆ ಗ್ರಂಥಿಯ ತೂಕ ಬೆಳಿಗ್ಗೆಯಿಂದ ಸಂಜೆಯೊಳಗೆ ಏರಿಬಿಡುವಂಥದ್ದಲ್ಲ. ನಾನು ತೂಗಿದಾಗ ಒತ್ತಡದ ಮೂರೂ ಗುಂಪುಗಳಲ್ಲಿ ಗ್ರಂಥಿ ಒಂದೇ ಥರ ದೊಡ್ಡದಾಗಿತ್ತು. ಸಾರ ಕುಡಿದದ್ದಕ್ಕೂ ಕುಡಿಯದ್ದಕ್ಕೂ ವ್ಯತ್ಯಾಸವೇ ಇರಲಿಲ್ಲ. "ಹಾರ್ಮೋನು ಮೊದಲು ಇಳಿಯುತ್ತದೆ, ಗ್ರಂಥಿ ಆಮೇಲೆ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಪುಟ ತಿರುಗಿಸಿದ್ದೆ. ಬೇಕಾದ ಉತ್ತರ ಕೈಯಲ್ಲಿದ್ದಾಗ ಬೇಡದ ಅಂಕಿ ಎಷ್ಟು ಸುಲಭವಾಗಿ ಸಣ್ಣದಾಗಿ ಕಾಣುತ್ತದೆ!

ಎಥಿಕ್ಸ್ ಕಮಿಟಿಗೆ ಮತ್ತೆ 24 ಇಲಿ ಬೇಕು ಅಂತ ಅರ್ಜಿ ಬರೆಯುವಾಗ ಕೈ ತಡೆಯುತ್ತಿತ್ತು. ಕಾರಣದ ಜಾಗದಲ್ಲಿ ನಡೆದದ್ದನ್ನು ಇದ್ದಂತೆಯೇ ಬರೆದೆ. ಒಪ್ಪಿಗೆ ಸಿಕ್ಕಿತು.

ಎರಡನೇ ಸುತ್ತಿನಲ್ಲಿ ಮೊದಲ ಒಂದು ವಾರ ಇಲಿಗಳನ್ನು ದಿನಾ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿದೆವು. ಸಾರವನ್ನು ನೇರ ಹೊಟ್ಟೆಗೆ ಹಾಕುವ ಗವಾಜ್ ಸೂಜಿ ಗಂಟಲಿಗೆ ಇಳಿಯುವುದೂ ಅವಕ್ಕೆ ಒತ್ತಡವೇ, ಹಾಗಾಗಿ ಬರೀ ನೀರಿನಿಂದ ಶುರು. ಕೊನೆಯ ದಿನ ಇಬ್ಬರು ಸೇರಿ 9ರಿಂದ 12ರೊಳಗೆ ಮುಗಿಸಿದೆವು. ಪ್ರತಿ ನಾಲ್ಕು ಇಲಿಗಳಲ್ಲಿ ಗುಂಪಿಗೊಂದರಂತೆ, ಅದರಲ್ಲೂ ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದೆವು. ಟ್ಯೂಬುಗಳ ಮೇಲೆ ಬರೀ ಸಂಖ್ಯೆ. ಯಾವುದು ಯಾವ ಗುಂಪು ಅನ್ನುವ ಪಟ್ಟಿ ಸಹೋದ್ಯೋಗಿಯ ಬೀರುವಿನಲ್ಲಿತ್ತು.

ನಡವಳಿಕೆಯ ಪರೀಕ್ಷೆಗಳಲ್ಲೂ ಇಂಥದೇ ಒಂದು ಬಲೆ ಇದೆ. ಎಲಿವೇಟೆಡ್ ಪ್ಲಸ್ ಮೇಜ್ ಅಂದರೆ ನೆಲದಿಂದ ಎತ್ತರದಲ್ಲಿಟ್ಟ ಪ್ಲಸ್ ಆಕಾರದ ಹಲಗೆ; ಎರಡು ತೋಳು ತೆರೆದಿರುತ್ತವೆ, ಎರಡಕ್ಕೆ ಗೋಡೆ ಇರುತ್ತದೆ, ಹೆದರಿದ ಇಲಿ ತೆರೆದ ತೋಳಿಗೆ ಹೋಗುವುದು ಕಡಿಮೆ. ಅದರಲ್ಲಿ ಇಲಿಯನ್ನು 5 ನಿಮಿಷ ಬಿಟ್ಟು, ತೆರೆದ ತೋಳಿನಲ್ಲಿ ಎಷ್ಟು ಹೊತ್ತು ಇತ್ತು ಅಂತ ಅಳೆಯುತ್ತೇವೆ. ಸಾರ ಮಂಪರು ತರಿಸುವಂಥದ್ದಾಗಿದ್ದರೆ ಇಲಿ ತೆರೆದ ತೋಳಿನಲ್ಲೇ ಸುಮ್ಮನೆ ಕೂತುಬಿಡಬಹುದು, ನಾವು ಅದನ್ನು ನಿರ್ಭಯ ಅಂತ ಬರೆದುಕೊಳ್ಳುತ್ತೇವೆ. ಮುಚ್ಚಿದ ತೋಳುಗಳಿಗೆ ಎಷ್ಟು ಸಲ ಹೋಯಿತು ಅನ್ನುವ ಲೆಕ್ಕವನ್ನೂ ಜೊತೆಗಿಟ್ಟು ನೋಡಿದರೆ ಓಡಾಟ ಕುಗ್ಗಿದೆಯೇ ಅಂತ ಗೊತ್ತಾಗುತ್ತದೆ. ಆ ಅಂಕಿ ಇಲ್ಲದ ವರದಿ ಕಂಡರೆ ನನಗೆ ಈಗ ನಂಬಿಕೆ ಬರುವುದಿಲ್ಲ.

ಸಂಖ್ಯೆಗಳ ಪಟ್ಟಿ ತೆರೆದ ದಿನ ಮೆಟ್ಟಿಲು ಕಾಣಲಿಲ್ಲ. ಕಡಿಮೆ ಡೋಸಿನ ಗುಂಪು ದ್ರಾವಣದ ಗುಂಪಿನ ಜೊತೆಗೇ ಇತ್ತು. ಹೆಚ್ಚು ಡೋಸಿನದು ತುಸು ಕೆಳಗೆ, ಆದರೆ ಆರು ಇಲಿಗಳ ನಡುವಿನ ಏರಿಳಿತವೇ ಅದಕ್ಕಿಂತ ದೊಡ್ಡದು. ಅಡ್ರೀನಲ್ ತೂಕ ಮೊದಲ ಸಲ ಹೇಳಿದ್ದನ್ನೇ ಹೇಳಿತು. ಈ ಡೋಸುಗಳಲ್ಲಿ ಪರಿಣಾಮ ಕಾಣಲಿಲ್ಲ ಅಂತಲೇ ವರದಿ ಬರೆದೆವು. ಮೊದಲ ಸುತ್ತಿನ 24 ಇಲಿಗಳ ಲೆಕ್ಕವನ್ನೂ, ಅದು ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನುವುದನ್ನೂ ಅದರಲ್ಲೇ ಸೇರಿಸಿದೆ.