ಇಳಿಜಾರಿನ ಕೆಳಗಿಂದ ನೋಡಬೇಕಾದ ರಣರಂಗಗಳು: ಮನಾಸಸ್‌ನಿಂದ ಅಪೊಮ್ಯಾಟಕ್ಸ್‌ವರೆಗೆ

ವಾಷಿಂಗ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಮನಾಸಸ್. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟ ಉಳಿಸಲು ಹೊರಟ ಉತ್ತರದವರಿಗೂ ನಡೆದ ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕದನ 1861ರ ಜುಲೈ 21ರಂದು ನಡೆದದ್ದು ಇಲ್ಲಿ. ಯುದ್ಧ ಬಹುಮಟ್ಟಿಗೆ ಮುಗಿದ ಅಪೊಮ್ಯಾಟಕ್ಸ್ ಕೂಡ ಇದೇ ವರ್ಜೀನಿಯಾ ರಾಜ್ಯದಲ್ಲಿದೆ. ಇವೆರಡರ ನಡುವಿನ ಮುಖ್ಯ ರಣರಂಗಗಳನ್ನು ನೋಡಲು ಕಾರು ಮತ್ತು ಐದು ದಿನ ಬೇಕು. ನಾಲ್ಕು ದಿನಕ್ಕೆ ಇಳಿಸಿದರೆ ಫಲಕ ಓದುವುದಷ್ಟೇ ಆಗುತ್ತದೆ, ನಡೆಯಲು ಹೊತ್ತು ಸಿಗುವುದಿಲ್ಲ. ಇಲ್ಲಿ ನಡೆಯದೆ ಏನೂ ತಿಳಿಯುವುದಿಲ್ಲ, ಅದರಲ್ಲೂ ದಾಳಿ ಮಾಡಿದವರು ನಿಂತ ಕಡೆಯಿಂದ.

ಹೊರಡುವ ಮುನ್ನ ಎರಡು ಗೊಂದಲ ಬಗೆಹರಿಸಿಕೊಳ್ಳಬೇಕು. ಒಂದೇ ಕದನಕ್ಕೆ ಎರಡೆರಡು ಹೆಸರಿವೆ. ಉತ್ತರದವರು ಸಾಮಾನ್ಯವಾಗಿ ಹತ್ತಿರದ ಹಳ್ಳದ ಹೆಸರಿಟ್ಟರು, ದಕ್ಷಿಣದವರು ಹತ್ತಿರದ ಊರಿನ ಹೆಸರಿಟ್ಟರು. ಹಾಗಾಗಿ ಬುಲ್ ರನ್ ಎಂದರೂ ಮನಾಸಸ್ ಎಂದರೂ ಒಂದೇ, ಆಂಟೀಟಮ್ ಮತ್ತು ಶಾರ್ಪ್ಸ್‌ಬರ್ಗ್ ಕೂಡ ಒಂದೇ. ಎರಡನೆಯದು ಫಲಕಗಳ ಮೇಲಿನ 'ಕ್ಯಾಶುವಲ್ಟಿ' ಎಂಬ ಪದ. ಅದನ್ನು ಸತ್ತವರ ಲೆಕ್ಕ ಎಂದು ಓದುವ ತಪ್ಪು ಬಹಳ ಕಡೆ ಆಗುತ್ತದೆ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿದ ಸಂಖ್ಯೆ ಅದು.

ಮನಾಸಸ್‌ನಲ್ಲಿ ಹೆನ್ರಿ ಹಿಲ್ ಸುತ್ತು ಸಾಕು. ವಿಸಿಟರ್ ಸೆಂಟರ್ ಹಿಂಭಾಗದಿಂದಲೇ ಶುರುವಾಗುವ ಈ ಹಾದಿ ಎರಡು ಕಿಲೋಮೀಟರಿಗಿಂತ ಕಡಿಮೆ. ಒಂದು ಕಡೆ ಉತ್ತರದ ಫಿರಂಗಿಗಳ ಸಾಲು, ಎದುರಿಗೆ ದಕ್ಷಿಣದ ಸೇನಾಪತಿ ಜಾಕ್ಸನ್‌ನ ಸಾಲು. ಎರಡರ ನಡುವೆ ಒಂದು ಕೂಗಳತೆ ದೂರ ಅಷ್ಟೇ. ಆ ದಿನ ಎರಡೂ ಪಡೆಗಳಲ್ಲಿ ಸಮವಸ್ತ್ರ ಒಂದೇ ತೆರನಾಗಿರಲಿಲ್ಲ. ದಕ್ಷಿಣದ 33ನೇ ವರ್ಜೀನಿಯಾ ರೆಜಿಮೆಂಟ್ ನೀಲಿ ತೊಟ್ಟು ಬಂದಾಗ ಉತ್ತರದ ಫಿರಂಗಿಯವರು ತಮ್ಮವರೇ ಎಂದುಕೊಂಡು ಗುಂಡು ಹಾರಿಸಲಿಲ್ಲ. ತೀರಾ ಹತ್ತಿರ ಬಂದ ಮೇಲೆ ಆ ನೀಲಿ ಸಾಲಿನಿಂದಲೇ ಗುಂಡಿನ ಮಳೆ ಸುರಿಯಿತು, ಫಿರಂಗಿಗಳು ಕೈತಪ್ಪಿದವು. ಗುಡ್ಡದ ಮೇಲಿನ ಮನೆಯ ಅಂಗಳದಲ್ಲಿ ಜೂಡಿತ್ ಹೆನ್ರಿ ಎಂಬ 85 ವರ್ಷದ ವಿಧವೆಯ ಸಮಾಧಿ ಇದೆ. ಹಾಸಿಗೆ ಹಿಡಿದಿದ್ದ ಆಕೆ ಫಿರಂಗಿ ಗುಂಡಿಗೆ ಬಲಿಯಾದರು. ಈಗ ಕಾಣುವ ಮನೆ ಯುದ್ಧದ ನಂತರ ಕಟ್ಟಿದ್ದು.

ಅಲ್ಲಿಂದ ಮೇರಿಲ್ಯಾಂಡಿನ ಶಾರ್ಪ್ಸ್‌ಬರ್ಗಿಗೆ ಸುಮಾರು ನೂರು ಕಿಲೋಮೀಟರ್. ಮೊದಲ ರಾತ್ರಿ ಅಲ್ಲೇ ಹತ್ತಿರ ಉಳಿದು, ಬೆಳಗ್ಗೆ ಬೇಗ ಆಂಟೀಟಮ್ ಬಯಲಿಗೆ ಇಳಿಯುವುದು ಒಳ್ಳೆಯದು. 1862ರ ಸೆಪ್ಟೆಂಬರ್ 17ರ ಕದನ ಸೂರ್ಯೋದಯಕ್ಕೆ ಬಯಲಿನ ಉತ್ತರದಲ್ಲಿ ಶುರುವಾಗಿ, ನಡುಹಗಲಿಗೆ ಮಧ್ಯಕ್ಕೆ ಬಂದು, ಇಳಿಹೊತ್ತಿಗೆ ದಕ್ಷಿಣದಲ್ಲಿ ಮುಗಿಯಿತು. ಕಾರಿನಲ್ಲಿ ಸುತ್ತುವ ಹದಿಮೂರೂವರೆ ಕಿಲೋಮೀಟರಿನ ಆಟೋ ಟೂರ್ ಕೂಡ ಅದೇ ಕ್ರಮದಲ್ಲಿ ಹನ್ನೊಂದು ಕಡೆ ನಿಲ್ಲುತ್ತದೆ. ನಡುವಿನಿಂದ ಶುರುಮಾಡಿದರೆ ಯಾರು ಯಾವ ಕಡೆಯಿಂದ ಬಂದರು ಎಂಬುದು ಗೋಜಲಾಗುತ್ತದೆ. ಒಂದೇ ದಿನದಲ್ಲಿ ಸುಮಾರು 23,000 ಜನ ಸತ್ತ, ಗಾಯಗೊಂಡ ಅಥವಾ ಕಾಣೆಯಾದ ನೆಲ ಇದು. ಅಮೆರಿಕದ ಇತಿಹಾಸದಲ್ಲಿ ಇಷ್ಟು ರಕ್ತ ಹರಿದ ದಿನ ಇನ್ನೊಂದಿಲ್ಲ.

ಮಿಲ್ಲರ್ ಎಂಬ ರೈತನ ಮೆಕ್ಕೆಜೋಳದ ಹೊಲವನ್ನು ಬೇಸಿಗೆಯ ಕೊನೆಯಲ್ಲಿ ನೋಡಬೇಕು. ಬೆಳೆ ಆಳೆತ್ತರ ನಿಂತಾಗ ಒಳಗೆ ನುಗ್ಗಿದವನಿಗೆ ಎದುರಿನ ಹತ್ತು ಹೆಜ್ಜೆಯೂ ಕಾಣದು ಎಂಬುದು ಆಗ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ, ಗಾಡಿಗಳು ಓಡಾಡಿ ಸವೆದು ತಗ್ಗಾದ ಹಳೆಯ ದಾರಿಯೇ ಬ್ಲಡಿ ಲೇನ್. ದಕ್ಷಿಣದವರು ಅಡಗಿ ನಿಂತದ್ದು ಅದರೊಳಗೆ. ಹೆಚ್ಚಿನವರು ವೀಕ್ಷಣಾ ಗೋಪುರ ಹತ್ತಿ ಮೇಲಿಂದ ಇದನ್ನು ನೋಡಿ ಹೊರಟುಬಿಡುತ್ತಾರೆ. ಗೋಪುರ ನೋಡಿದ ಮೇಲೆ ಉತ್ತರದ ಹೊಲಗಳ ಕಡೆಗೆ ಹೋಗಿ ಅಲ್ಲಿಂದ ದಾರಿಯತ್ತ ನಡೆದು ಬನ್ನಿ. ನೆಲ ನಿಧಾನವಾಗಿ ಏರುತ್ತದೆ, ಏರಿನ ನೆತ್ತಿ ತಲುಪುವವರೆಗೆ ತಗ್ಗು ದಾರಿ ಕಾಣಿಸುವುದೇ ಇಲ್ಲ. ಕಂಡಾಗ ಅದರೊಳಗಿನ ಕೋವಿಗಳಿಗೆ ನೀವು ತೀರಾ ಹತ್ತಿರ, ಆಕಾಶದ ಎದುರು ಬೊಂಬೆಯ ಹಾಗೆ ನಿಂತಿರುತ್ತೀರಿ. ಮೂರು ಗಂಟೆಗೂ ಹೆಚ್ಚು ಹೊತ್ತು ಆ ದಾರಿ ಬೀಳದಿದ್ದುದು ಇದರಿಂದ. ಬಿದ್ದದ್ದು ಯಾಕೆ ಎಂಬುದಕ್ಕೆ ದಾರಿಯ ತಿರುವಿನಲ್ಲಿ ನಿಲ್ಲಬೇಕು. ಅಲ್ಲಿನ ಎತ್ತರ ಉತ್ತರದವರಿಗೆ ಸಿಕ್ಕಿದ ಕ್ಷಣ, ಕಾಪಾಡುತ್ತಿದ್ದ ತಗ್ಗೇ ಬೋನಾಯಿತು. ಉದ್ದಕ್ಕೂ ಹಾರಿಸಿದ ಗುಂಡು ಯಾರಿಗಾದರೂ ತಗಲಲೇಬೇಕಿತ್ತು.

ಬರ್ನ್‌ಸೈಡ್ ಸೇತುವೆಯಲ್ಲೂ ಎರಡೂ ದಡ ನೋಡಬೇಕು. ಮೂರು ಕಮಾನಿನ ಈ ಕಲ್ಲುಸೇತುವೆ 38 ಮೀಟರ್ ಉದ್ದ, ನಾಲ್ಕು ಮೀಟರಿಗಿಂತ ಕಿರಿದು. ಎದುರಿನ ಕಡಿದಾದ ದಿಬ್ಬದಲ್ಲಿ ಕುಳಿತ ದಕ್ಷಿಣದ ಜಾರ್ಜಿಯಾ ರಾಜ್ಯದ ಸುಮಾರು 500 ಜನ, ತಮ್ಮ ಹಲವು ಪಟ್ಟು ದೊಡ್ಡದಾದ ಉತ್ತರದ ಪಡೆಯನ್ನು ಮೂರು ಗಂಟೆ ತಡೆದರು. ಆ ದಿಬ್ಬ ಹತ್ತಿ ಕೆಳಗೆ ನೋಡಿದರೆ ಸೇತುವೆಯ ಬಾಯಿ ಅಂಗೈಯಲ್ಲಿದ್ದ ಹಾಗೆ ಕಾಣುತ್ತದೆ. ಸೇತುವೆಯ ಪಕ್ಕದ ಸಿಕಮೋರ್ ಮರ ಕದನದ ದಿನವೂ ಅಲ್ಲೇ ಇತ್ತು. ಕೆಲವೇ ದಿನಗಳ ನಂತರ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಛಾಯಾಚಿತ್ರದಲ್ಲಿ ಅದು ಎಳೆಯ ಗಿಡ. ಬಯಲಿನಲ್ಲಿ ಅಲ್ಲಲ್ಲಿ ಫಿರಂಗಿಯ ನಳಿಗೆಯನ್ನು ಬಾಯಿ ಕೆಳಗೆ ಮಾಡಿ ಕಲ್ಲಿನಲ್ಲಿ ನೆಟ್ಟಿರುವುದು ಕಾಣುತ್ತದೆ. ಒಟ್ಟು ಆರು ಇವೆ. ಸೇನಾಪತಿಯೊಬ್ಬ ಸತ್ತ ಅಥವಾ ಸಾವಿನ ಪೆಟ್ಟು ತಿಂದ ಜಾಗದ ಗುರುತು ಅದು. ಈ ಕದನವಾದ ಐದೇ ದಿನಕ್ಕೆ ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಡಿಸಿದರು. ಆಗ ದೇಶದಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 40 ಲಕ್ಷ ಜನ. ಯುದ್ಧ ಯಾತಕ್ಕಾಗಿ ಎಂಬ ಪ್ರಶ್ನೆಗೆ ಉತ್ತರ ಈ ಸಂಖ್ಯೆಯಲ್ಲಿದೆ, ಇದನ್ನು ಮರೆತು ರಣರಂಗ ನೋಡಬಾರದು.

ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಅಲ್ಲಿಂದ ಒಂದು ಗಂಟೆಯ ದಾರಿ. ಇದಕ್ಕೆ ಪೂರಾ ಒಂದು ದಿನ ಬೇಕು. ಬಯಲಿಗೆ ಶುಲ್ಕವಿಲ್ಲ, ಮ್ಯೂಸಿಯಂ ಮತ್ತು 377 ಅಡಿ ಉದ್ದದ ವೃತ್ತಾಕಾರದ ವರ್ಣಚಿತ್ರಕ್ಕೆ ಟಿಕೆಟ್ ಇದೆ. ಪರವಾನಗಿ ಪಡೆದ ಮಾರ್ಗದರ್ಶಿಗಳು ನಿಮ್ಮ ಕಾರನ್ನೇ ಓಡಿಸುತ್ತ ಎರಡು ಗಂಟೆ ಸುತ್ತಿಸುತ್ತಾರೆ. 1915ರಿಂದ ಈ ವ್ಯವಸ್ಥೆ ಇದೆ, ಖರ್ಚು ಮಾಡಲು ಯೋಗ್ಯ. ಮುಂಗಡ ಕಾಯ್ದಿರಿಸದೆ ವಾರಾಂತ್ಯದಲ್ಲಿ ಸಿಗುವುದು ಕಷ್ಟ. ಲಿಟಲ್ ರೌಂಡ್ ಟಾಪ್ ಗುಡ್ಡದಲ್ಲಿ ಪಾರ್ಕಿಂಗ್ ಕಡಿಮೆ, ಬೆಳಗ್ಗೆಯೇ ಮುಗಿಸಬೇಕು.

1,300ಕ್ಕೂ ಹೆಚ್ಚು ಸ್ಮಾರಕಗಳ ನಡುವೆ ದಾರಿ ತಪ್ಪದಿರಲು ಕೆಲವು ಗುರುತು ತಿಳಿದಿರಲಿ. ಬ್ರಿಗೇಡ್‌ಗಳ (ಹಲವು ರೆಜಿಮೆಂಟ್ ಸೇರಿದ ತುಕಡಿಗಳ) ಕಂಚಿನ ಫಲಕದ ಪೀಠ ಚೌಕವಾಗಿದ್ದರೆ ಉತ್ತರದವರದು, ದುಂಡಗಿದ್ದರೆ ದಕ್ಷಿಣದವರದು. ಸ್ಮಾರಕದ ಎರಡೂ ಬದಿಗೆ ದೂರದಲ್ಲಿ ಮೊಣಕಾಲೆತ್ತರದ ಪುಟ್ಟ ಕಲ್ಲುಗಳಿವೆ, ಅವು ಆ ರೆಜಿಮೆಂಟಿನ ಎಡ ಮತ್ತು ಬಲ ತುದಿ. ಎರಡು ಕಲ್ಲಿನ ನಡುವೆ ಹೆಜ್ಜೆ ಹಾಕಿದರೆ ಎಷ್ಟು ಜನ ಉಳಿದಿದ್ದರು ಎಂಬ ಅಂದಾಜು ಸಿಗುತ್ತದೆ. ಫಿರಂಗಿಯ ನಳಿಗೆ ಹಸಿರುಗಟ್ಟಿದ್ದರೆ ಕಂಚು, ಕಪ್ಪಗಿದ್ದರೆ ಕಬ್ಬಿಣ. ಬಾಯಿಯ ಅಂಚಿಗೆ ಮುಖವಿಟ್ಟು ನೋಡಿದರೆ ಎರಕ ಹೊಯ್ದ ವರ್ಷ, ಪೌಂಡಿನಲ್ಲಿ ತೂಕ, ಪರೀಕ್ಷಕನ ಹೆಸರಿನ ಮೊದಲಕ್ಷರಗಳು ಕೊರೆದಿರುವುದು ಕಾಣುತ್ತದೆ.

ಮಧ್ಯಾಹ್ನಕ್ಕೆ ವರ್ಜೀನಿಯಾ ಸ್ಮಾರಕದಿಂದ ಎದುರಿನ ದಿಣ್ಣೆಯ ಮರಗಳ ಗುಂಪಿನತ್ತ ನಡೆಯಬೇಕು. 1863ರ ಜುಲೈ 3ರಂದು ದಕ್ಷಿಣದ ಸುಮಾರು 12,500 ಜನ ದಾಳಿಗೆ ನಡೆದ ದಾರಿ ಇದು, ಒಂದೂವರೆ ಕಿಲೋಮೀಟರಿನಷ್ಟು. ನಿಂತು ನೋಡಿದರೆ ಬಯಲು ಅಂಗೈಯಷ್ಟು ಸಮ. ನಡೆಯತೊಡಗಿದರೆ ನೆಲ ಅಲೆಯಲೆಯಾಗಿ ಏರಿಳಿಯುತ್ತದೆ. ಕೆಲವು ತಗ್ಗುಗಳಲ್ಲಿ ಎದುರಿನ ದಿಣ್ಣೆ ಮರೆಯಾಗಿ, ಅಷ್ಟು ಹೊತ್ತು ಗುಂಡಿನಿಂದ ತುಸು ರಕ್ಷಣೆ ಸಿಗುತ್ತದೆ. ಏರು ಹತ್ತಿದ ಕೂಡಲೇ ಅದು ಮುಗಿಯಿತು. ಎಮಿಟ್ಸ್‌ಬರ್ಗ್ ರಸ್ತೆಯ ಎರಡೂ ಬದಿಯ ಮರದ ಬೇಲಿ ಹತ್ತಿ ಇಳಿಯುವಾಗ ಸಾಲು ಒಡೆಯಿತು, ಬಹಳ ಜನ ಬಿದ್ದದ್ದು ಅಲ್ಲಿಂದ ಮುಂದೆ. ದಾಳಿಗೆ ಮುನ್ನ ದಕ್ಷಿಣದವರ ಸುಮಾರು 150 ಫಿರಂಗಿಗಳು ಮಧ್ಯಾಹ್ನ ಒಂದು ಗಂಟೆಯಿಂದ ಸಿಡಿದಿದ್ದರೂ ಉಪಯೋಗವಾಗಲಿಲ್ಲ. ದಕ್ಷಿಣದ ರಾಜಧಾನಿ ರಿಚ್‌ಮಂಡ್‌ನ ಮದ್ದಿನ ಕಾರ್ಖಾನೆಯಲ್ಲಿ ಆ ಮಾರ್ಚ್ ತಿಂಗಳಲ್ಲಿ ಸ್ಫೋಟವಾಗಿತ್ತು; ಬೇರೆ ಊರುಗಳಿಂದ ತರಿಸಿದ, ಫಿರಂಗಿ ಗುಂಡನ್ನು ಒಡೆಸುವ ಬತ್ತಿಗಳು ನಿಧಾನವಾಗಿ ಉರಿಯುತ್ತಿದ್ದವು. ಗುಂಡು ಗುರಿ ದಾಟಿ ಹೋದ ಮೇಲೆ ಒಡೆಯುತ್ತಿತ್ತು. ಹೊಗೆಯ ಪರದೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಈ ನಡಿಗೆಗೆ ಉದ್ದನೆಯ ಪ್ಯಾಂಟ್ ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ. ಹುಲ್ಲಿನಲ್ಲಿ ಉಣುಗು ಬಹಳ. ಮಲೆನಾಡಿನ ಮಂಗನ ಕಾಯಿಲೆಯ ಉಣುಗಿನ ಭಯ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಇಲ್ಲಿನ ಲೈಮ್ ಕಾಯಿಲೆ ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಸಂಜೆ ಮೈ ಪೂರ್ತಿ ನೋಡಿಕೊಂಡೇ ಮಲಗಬೇಕು. ನೆಲದಲ್ಲಿ ಹಳೆಯ ಸೀಸದ ಗುಂಡು ಕಂಡರೆ ಜೇಬಿಗೆ ಹಾಕಬೇಡಿ, ಅದು ಅಪರಾಧ. ರೇಂಜರ್‌ಗೆ ತಿಳಿಸಿ.

ಮರುದಿನ ದಕ್ಷಿಣಕ್ಕೆ, ಸುಮಾರು ಇನ್ನೂರು ಕಿಲೋಮೀಟರ್ ದೂರದ ಫ್ರೆಡರಿಕ್ಸ್‌ಬರ್ಗ್. 1862ರ ಡಿಸೆಂಬರ್ 13ರಂದು ಉತ್ತರದ ಪಡೆ ಅಲೆಯ ಮೇಲೆ ಅಲೆಯಾಗಿ ಕಲ್ಲುಗೋಡೆಯೊಂದರತ್ತ ನುಗ್ಗಿದ ಊರು ಇದು. ಇಡೀ ಕದನದಲ್ಲಿ ಉತ್ತರದ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 12,000ಕ್ಕೂ ಹೆಚ್ಚು ಜನ. ಗೋಡೆಯನ್ನು ಯಾರೂ ದಾಟಲಿಲ್ಲ. ತಪ್ಪು ತಿಂಗಳ ಹಿಂದೆಯೇ ಆಗಿತ್ತು: ನದಿ ದಾಟಲು ಬೇಕಾದ ದೋಣಿಸೇತುವೆಯ ಸಾಮಾನು ತಡವಾಗಿ ಬಂತು, ಅಷ್ಟರಲ್ಲಿ ಎದುರಿನ ದಿಬ್ಬವನ್ನು ದಕ್ಷಿಣದ ಸೇನಾಪತಿ ಲೀ ಹಿಡಿದಾಗಿತ್ತು. ದಾಳಿ ನಡೆದ ಬಯಲಿನ ತುಂಬ ಈಗ ಮನೆಗಳು, ಹಾಗಾಗಿ ನಕ್ಷೆ ಕೈಯಲ್ಲಿರಲಿ. ಗೋಡೆಯ ಪಕ್ಕದ ಇನಿಸ್ ಮನೆಯ ಒಳಗೋಡೆಯಲ್ಲಿ ಗುಂಡಿನ ತೂತುಗಳನ್ನು ಹಾಗೇ ಉಳಿಸಿದ್ದಾರೆ. ಮೇಲಿನ ಸ್ಮಶಾನದಲ್ಲಿ 15,000ಕ್ಕೂ ಹೆಚ್ಚು ಸೈನಿಕರಿದ್ದಾರೆ, ಬಹುಪಾಲು ಹೆಸರಿಲ್ಲದವರು. ಅವರ ಪುಟ್ಟ ಚೌಕ ಕಲ್ಲುಗಳ ಮೇಲೆ ಎರಡು ಸಂಖ್ಯೆ. ಮೇಲಿನದು ಗುಂಡಿಯ ಕ್ರಮಸಂಖ್ಯೆ, ಕೆಳಗಿನದು ಆ ಗುಂಡಿಯಲ್ಲಿ ಎಷ್ಟು ಜನ ಎಂಬುದು. ಬಗ್ಗಿ ಕೆಳಗಿನ ಸಂಖ್ಯೆ ಓದುತ್ತ ಹೋಗುವುದು ಸುಲಭದ ಕೆಲಸವಲ್ಲ.

ಚಾನ್ಸಲರ್ಸ್‌ವಿಲ್, ವಿಲ್ಡರ್‌ನೆಸ್, ಸ್ಪಾಟ್ಸಿಲ್ವೇನಿಯಾ ಮೂರು ರಣರಂಗಗಳೂ ಪಶ್ಚಿಮಕ್ಕೆ ಅಕ್ಕಪಕ್ಕದಲ್ಲಿವೆ. ಹೊತ್ತು ಕಡಿಮೆಯಿದ್ದರೆ ಸ್ಪಾಟ್ಸಿಲ್ವೇನಿಯಾದ ಬ್ಲಡಿ ಆ್ಯಂಗಲ್ ಒಂದೇ ಸಾಕು. ಇಲ್ಲಿ ಬರೀ ಗುಂಡಿನೇಟಿಗೆ ಉರುಳಿದ ಓಕ್ ಮರದ ಬುಡ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಪೀಟರ್ಸ್‌ಬರ್ಗ್ ದಾಟಿ ದಕ್ಷಿಣಕ್ಕೆ ಹೋದರೆ ಶರತ್ಕಾಲದಲ್ಲಿ ರಸ್ತೆಬದಿ ಹತ್ತಿ ಹೊಲಗಳು ಸಿಗುತ್ತವೆ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಧಾರವಾಡದ ಹತ್ತಿಯತ್ತ ತಿರುಗಿದವು. ಕಾರವಾರವನ್ನು ಹತ್ತಿಯ ಬಂದರು ಮಾಡುವ ಒತ್ತಾಯದ ನಡುವೆ, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು.

ಪೀಟರ್ಸ್‌ಬರ್ಗಿನ ಮುತ್ತಿಗೆ 1864ರ ಜೂನ್‌ನಿಂದ ಮರುವರ್ಷದ ಏಪ್ರಿಲ್‌ವರೆಗೆ ನಡೆಯಿತು. ಇಲ್ಲಿ ನೋಡಲೇಬೇಕಾದದ್ದು ಕ್ರೇಟರ್, ಅಂದರೆ ಸ್ಫೋಟದಿಂದಾದ ಗುಂಡಿ. ಉತ್ತರದ ಪಡೆಯಲ್ಲಿದ್ದ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯವರು ದಕ್ಷಿಣದವರ ಕೋಟೆಯ ಅಡಿಗೆ 511 ಅಡಿ ಸುರಂಗ ತೋಡಿದರು. ಅಷ್ಟು ಉದ್ದದ ಸುರಂಗದಲ್ಲಿ ಉಸಿರಾಡಲಾಗದು ಎಂದು ಸೇನೆಯ ಎಂಜಿನಿಯರುಗಳು ನಂಬಿದ್ದರು. ಗಣಿಯವರ ಉಪಾಯ ಸರಳ: ಬಾಯಿಯ ಹತ್ತಿರ ಮೇಲಕ್ಕೊಂದು ಕಂಡಿ ಕೊರೆದು ಅದರ ಬುಡದಲ್ಲಿ ಬೆಂಕಿ ಹಾಕಿದರು. ಬಿಸಿಗಾಳಿ ಮೇಲೇರುವಾಗ ಒಳಗಿನ ಕೆಟ್ಟಗಾಳಿಯನ್ನು ಸೆಳೆದೊಯ್ಯಿತು, ಮರದ ಕೊಳವೆಯ ಮೂಲಕ ಹೊರಗಿನ ಗಾಳಿ ಸುರಂಗದ ತುದಿಗೆ ಬಂತು. 8,000 ಪೌಂಡ್ ಮದ್ದು ತುಂಬಿದರು. ಜುಲೈ 30ರ ನಸುಕಿನಲ್ಲಿ ಹಚ್ಚಿದ ಬತ್ತಿ ತುಂಡು ಜೋಡಿಸಿದ ಕಡೆ ಆರಿಹೋಯಿತು. ಇಬ್ಬರು ಒಳಗೆ ಹೋಗಿ ಮತ್ತೆ ಹಚ್ಚಿ ಬಂದರು. 4:44ಕ್ಕೆ ನೆಲ ಸಿಡಿಯಿತು.

ಕೆಟ್ಟದ್ದು ಆಮೇಲೆ. ಈ ದಾಳಿಗೆಂದೇ ತರಬೇತಾಗಿದ್ದ ಕಪ್ಪು ಸೈನಿಕರ ಡಿವಿಷನ್ನನ್ನು ಹಿಂದಿನ ದಿನ ಮುಂಚೂಣಿಯಿಂದ ತೆಗೆದು, ಏನೂ ಗೊತ್ತಿಲ್ಲದ ಇನ್ನೊಂದನ್ನು ಮುಂದೆ ಬಿಟ್ಟರು. ಅವರು ಗುಂಡಿಯನ್ನು ಬಳಸಿ ಹೋಗದೆ ಒಳಗಿಳಿದು ಸಿಕ್ಕಿಬಿದ್ದರು. ಕೊನೆಗೆ ಕಳಿಸಿದ ಕಪ್ಪು ಸೈನಿಕರಲ್ಲಿ ಅನೇಕರನ್ನು ಶರಣಾದ ಮೇಲೂ ಕೊಂದರು. ಈಗ ಗುಂಡಿ ಹುಲ್ಲು ಬೆಳೆದ ತಗ್ಗು, ಒಳಗಿಳಿಯಲು ಬಿಡುವುದಿಲ್ಲ. ಸುರಂಗದ ಬಾಯಿಯಿಂದ ಗುಂಡಿಯತ್ತ ನಡೆದರೆ ಚಾವಣಿ ಕುಸಿದ ಕಡೆಗಳಲ್ಲಿ ನೆಲ ಸಾಲಾಗಿ ತಗ್ಗಾಗಿದೆ, ಸುರಂಗದ ಜಾಡು ಅದು.

ಅಪೊಮ್ಯಾಟಕ್ಸ್ ಕೋರ್ಟ್ ಹೌಸ್ ಅಲ್ಲಿಂದ ಸುಮಾರು 150 ಕಿಲೋಮೀಟರ್. ಕೋರ್ಟ್ ಹೌಸ್ ಎಂಬುದು ಊರಿನ ಹೆಸರಿನದೇ ಭಾಗ. 1865ರ ಏಪ್ರಿಲ್ 9ರಂದು ಲೀ ಶರಣಾದದ್ದು ನ್ಯಾಯಾಲಯದಲ್ಲಲ್ಲ, ವಿಲ್ಮರ್ ಮೆಕ್ಲೀನ್ ಎಂಬುವರ ಮನೆಯ ಹಜಾರದಲ್ಲಿ. ಮನಾಸಸ್ ಬಳಿಯ ಅವರ ಜಮೀನಿನಲ್ಲೇ 1861ರಲ್ಲಿ ಗುಂಡು ಬಿದ್ದಿತ್ತು, ಆ ನಂತರ ಅವರು ಇಲ್ಲಿಗೆ ಬಂದಿದ್ದರು. ಮನೆಯನ್ನು 1893ರಲ್ಲಿ ಬಿಚ್ಚಿದ್ದರು, ಈಗಿರುವುದು ಮತ್ತೆ ಕಟ್ಟಿದ್ದು. ಅಲ್ಲಿ ಗುಂಪು ಹೆಚ್ಚಿದ್ದರೆ ಮೊದಲು ಕ್ಲೋವರ್ ಹಿಲ್ ಟ್ಯಾವರ್ನ್‌ಗೆ ಹೋಗಿ. ಅಚ್ಚಿನ ಯಂತ್ರಗಳನ್ನಿಟ್ಟು, ಸೋತ ಸೈನ್ಯದ 28,000ಕ್ಕೂ ಹೆಚ್ಚು ಜನರಿಗೆ ಬಿಡುಗಡೆ ಚೀಟಿ ಮುದ್ರಿಸಿದ್ದು ಈ ಕಟ್ಟಡದಲ್ಲಿ. ಅಂಗೈಯಗಲದ ಕಾಗದ, ಹೆಸರು ಬರೆಯಲು ಖಾಲಿ ಗೆರೆ. ಅದನ್ನು ತೋರಿಸಿದವನಿಗೆ ಸರ್ಕಾರಿ ರೈಲು ಮತ್ತು ಹಡಗಿನಲ್ಲಿ ಊರಿಗೆ ಹೋಗಲು ಹಣ ಕೇಳುವಂತಿರಲಿಲ್ಲ.